ಕೇಳದೆ ದಾಟಿದ ಹೊಸಿಲು

ಬಹಳ ಹಿಂದೆ, ಅರಮನೆಯಿಂದ ಗುಡಿಸಲಿನವರೆಗೆ ಎಲ್ಲ ದೀಪಗಳೂ ಎಳ್ಳೆಣ್ಣೆಯಲ್ಲೇ ಉರಿಯುತ್ತಿದ್ದ ಕಾಲದಲ್ಲಿ, ಹೇಮಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ಪದ್ಧತಿ. ಯಾವ ಮನೆಯಿಂದ ಹೊರಡುವುದಾದರೂ ಹೊಸಿಲ ಒಳಗೆ ನಿಂತು, ಮನೆಯವರ ಕಡೆ ತಿರುಗಿ, "ಬರಲೇ?" ಎಂದು ಕೇಳಬೇಕು. ಒಳಗಿನವರು "ಹೋಗಿ ಬನ್ನಿ" ಎಂದ ಮೇಲೆಯೇ ಹೊಸಿಲು ದಾಟಬೇಕು. ರಾಜನೂ ಕೇಳುತ್ತಿದ್ದ, ಭಿಕ್ಷುಕನೂ ಕೇಳುತ್ತಿದ್ದ. ಕಳ್ಳರು ಕೂಡ ಮೆಲ್ಲಗೆ ಕೇಳಿಯೇ ಹೋಗುತ್ತಿದ್ದರಂತೆ. ಕೇಳದೆ ಹೋಗುವುದು ಹೆಣ ಮಾತ್ರ ಎಂದು ಅಲ್ಲಿನ ಜನ ನಂಬಿದ್ದರು.

ಆ ರಾಜ್ಯದ ಗಾಣಿಗರ ಕೇರಿಯಲ್ಲಿ ಪದ್ಮಲೆ, ಚಂದಲೆ ಎಂಬ ಅಕ್ಕತಂಗಿಯರಿದ್ದರು. ತಂದೆತಾಯಿ ತೀರಿಕೊಂಡಿದ್ದರು. ಒಂದು ಗಾಣ, ಒಂದು ಮುದಿ ಎತ್ತು, ಇಷ್ಟೇ ಅವರ ಆಸ್ತಿ. ಎತ್ತಿನ ಹಿಂದೆ ಸುತ್ತುತ್ತಾ ಪದ್ಮಲೆ ನಕ್ಕರೆ ಕೇರಿಯ ಆ ತುದಿಗೆ ಕೇಳಿಸುತ್ತಿತ್ತು. ಎಣ್ಣೆ ಒಯ್ಯಲು ಬಂದವರು ಗಡಿಗೆ ತುಂಬಿದ ಮೇಲೂ ಕೂತೇ ಇರುತ್ತಿದ್ದರು. ಅವಳ ಮಾತು ಅಷ್ಟು ಚೆಂದ.

ಮಂಜುಗುಡ್ಡದ ಮೇಲಿನ ದೊಡ್ಡ ಮನೆಯ ಭುವನಮಲ್ಲನೂ ಎಣ್ಣೆಗೆಂದೇ ಬಂದ. ಅವನು ಮಾಯಾವಿದ್ಯೆ ಬಲ್ಲವನು. ನೋಡಲು ಲಕ್ಷಣವಾಗಿದ್ದ, ಮಾತು ಮೆತ್ತಗಿತ್ತು. "ಈ ನಗು ನನ್ನ ಮನೆಯಲ್ಲಿದ್ದರೆ ನನಗೆ ದೀಪವೇ ಬೇಡ" ಎಂದ. ಪದ್ಮಲೆ ಮರುಳಾದಳು. ಮದುವೆಯಾಯಿತು. ಹೊಸಿಲಲ್ಲಿ ನಿಂತು "ಬರಲೇ?" ಎಂದಳು. ಚಂದಲೆ ಕಣ್ಣೊರೆಸಿಕೊಂಡು "ಹೋಗಿ ಬಾ ಅಕ್ಕ" ಎಂದಳು.

ಗುಡ್ಡದ ಮನೆಗೆ ಮೂರು ಹೊಸಿಲು. ನಡುಮನೆಗೊಂದು, ಪಡಸಾಲೆಗೊಂದು, ಹೆಬ್ಬಾಗಿಲಿಗೊಂದು. ಯಾವ ಬಾಗಿಲಿಗೂ ಬೀಗವಿರಲಿಲ್ಲ. ಭುವನಮಲ್ಲ ಒಂದು ದಿನವೂ ಹೆಂಡತಿಯ ಮೇಲೆ ಕೈಯೆತ್ತಲಿಲ್ಲ, ದನಿಯೆತ್ತಲಿಲ್ಲ.

ಮೊದಲು ಅವಳು ಗೆಳತಿಯರನ್ನು ನೋಡಬೇಕೆಂದಳು. ಹೊಸಿಲ ಒಳಗೆ ನಿಂತು "ಬರಲೇ?" ಎಂದು ಕೇಳಿದಳು.

"ಇವತ್ತು ಬೇಡ, ಬಂಗಾರ. ಗಾಳಿ ಸರಿಯಿಲ್ಲ" ಎಂದ.

ಆಮೇಲೆ ಸಂತೆಗೆ ಹೋಗಬೇಕೆಂದಳು. "ಬರಲೇ?"

"ಇವತ್ತು ಬೇಡ, ಬಂಗಾರ. ನಿನಗೇನು ಬೇಕೋ ನಾನೇ ತರುತ್ತೇನಲ್ಲ."

ಆಮೇಲೆ ತಂಗಿಯ ಮನೆಗೆ. "ಬರಲೇ?"

"ಇವತ್ತು ಬೇಡ, ಬಂಗಾರ. ನಾನು ಹೋಗಿ ವಿಚಾರಿಸಿದೆ. ನಿನ್ನ ಸುದ್ದಿಯನ್ನೇ ಎತ್ತಲಿಲ್ಲ ಅವಳು."

ಅವನು ಬೇಡವೆಂದಾಗಲೆಲ್ಲ ಗುಡ್ಡದ ಸುತ್ತ ಮಂಜು ಒಂದು ಮೊಳ ಮೇಲೇರುತ್ತಿತ್ತು. ಮೊದಲು ಹೊಲಗಳು ಮುಚ್ಚಿದವು. ಆಮೇಲೆ ದಾರಿ ಮುಚ್ಚಿತು. ಕೊನೆಗೆ ಗಾಣಿಗರ ಕೇರಿಯ ಹೊಗೆಯೂ ಕಾಣದಾಯಿತು.

ಮದುವೆಯ ಉಡುಗೊರೆಯೆಂದು ಅವನು ಅವಳಿಗೆ ಒಂದು ಪ್ರಾಣಿಯನ್ನು ಕೊಟ್ಟಿದ್ದ. ಬೂದುಬಣ್ಣ, ಬೆಕ್ಕಿನಷ್ಟು ಗಾತ್ರ. ಹೆಸರು ಅಳುಕ. "ನಾನಿಲ್ಲದಾಗ ನಿನ್ನನ್ನು ಕಾಯುತ್ತದೆ" ಎಂದಿದ್ದ. ಪದ್ಮಲೆ ಹೊರಗಿನ ಯೋಚನೆ ಮಾಡಿದರೆ ಸಾಕು, ಅಳುಕ ಬಂದು ಎದೆಯ ಮೇಲೆ ಹತ್ತಿ ಕೂರುತ್ತಿತ್ತು. ಬಾಗಿಲ ಕಡೆ ನೋಡಿದರೆ ನಾಯಿಯಷ್ಟಾಗುತ್ತಿತ್ತು. ಬಾಗಿಲ ಕಡೆ ನಡೆದರೆ ಕರುವಿನಷ್ಟಾಗುತ್ತಿತ್ತು. ಅವಳಿಗೆ ಉಸಿರು ಸಿಗುತ್ತಿರಲಿಲ್ಲ, ಅಂಗೈ ಬೆವರುತ್ತಿತ್ತು. ಕಣ್ಣು ಮುಚ್ಚಿ ಒಳಗೆ ಓಡಿ ಬರುತ್ತಿದ್ದಳು.

ಮಾತು ಕಡಿಮೆಯಾಯಿತು. ಮೊದಮೊದಲು, ತಂಗಿ ಸಿಕ್ಕಾಗ ಹೇಳಬೇಕೆಂದು ದಿನದ ಸಣ್ಣಪುಟ್ಟ ಸಂಗತಿಗಳನ್ನು ಮನಸ್ಸಿನಲ್ಲಿ ಕೂಡಿಡುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದ್ದು, ಸೂರಿನಲ್ಲಿ ಗುಬ್ಬಿ ಕೂತಿದ್ದು. ಬರಬರುತ್ತಾ ಕೂಡಿಡುವುದನ್ನೂ ಬಿಟ್ಟಳು. ಗಂಡನ ಹೆಜ್ಜೆಯ ಸಪ್ಪಳದಲ್ಲೇ ಅವನ ಮನಸ್ಸು ಹೇಗಿದೆಯೆಂದು ಅಳೆಯುವುದೊಂದನ್ನು ಚೆನ್ನಾಗಿ ಕಲಿತಳು. ಒಗ್ಗರಣೆಗೆ ಸಾಸಿವೆ ಹಾಕುವಾಗಲೂ ಕೈ ತಡೆಯುತ್ತಿತ್ತು. ಸಿಡಿದ ಸದ್ದು ಅವನಿಗೆ ಹಿಡಿಸದಿದ್ದರೆ?

ಪ್ರತಿ ಬೆಳಿಗ್ಗೆ ಹೊರಡುವಾಗ ಅವನೂ ಕೇಳುತ್ತಿದ್ದ, "ಬರಲೇ, ಬಂಗಾರ?" ಅವಳು "ಹೋಗಿ ಬನ್ನಿ" ಎನ್ನುತ್ತಿದ್ದಳು. ಬೇರೆ ಉತ್ತರವೂ ಇದೆಯೆಂದು ಅವಳಿಗೆ ಹೊಳೆದಿರಲಿಲ್ಲ.

ಆ ಮನೆಯ ದೀಪದ ಕೋಣೆಯಲ್ಲಿ ಒಬ್ಬ ಮುದುಕಿಯ ವಿಗ್ರಹವಿತ್ತು. "ಅದು ನನ್ನ ಅವ್ವ ಮಾಳಲೆ. ಕಾಯಿಲೆ. ಏನಾದರೂ ಬಡಬಡಿಸಿದರೆ ಕಿವಿಗೆ ಹಾಕಿಕೊಳ್ಳಬೇಡ" ಎಂದು ಭುವನಮಲ್ಲ ಹೇಳಿದ್ದ. ಒಂದು ಮಧ್ಯಾಹ್ನ ಪದ್ಮಲೆ ಅಲ್ಲಿ ಬತ್ತಿ ಹೊಸೆಯುತ್ತಿದ್ದಾಗ ವಿಗ್ರಹ ಕೆಮ್ಮಿತು.

"ಏನೇ, ಗಾಣಿಗರ ಹುಡುಗಿ, ಬತ್ತಿ ಇಷ್ಟು ದಪ್ಪ ಹೊಸೆದರೆ ಎಣ್ಣೆ ಉಳಿಯುತ್ತದೇನೇ?"

ಪದ್ಮಲೆ ಬೆಚ್ಚಿ ತಿರುಗಿದಳು. ಮುದುಕಿಗೆ ಸೊಂಟದ ಮೇಲೆ ಜೀವವಿತ್ತು. ಸೊಂಟದ ಕೆಳಗೆ ಕಪ್ಪು ಕಲ್ಲು.

"ಅತ್ತೆ, ನಿಮಗೆ ಏನಾಯಿತು?"

"ಏನಾಯಿತು ಅಂದರೆ? ಕೇಳಿ ಕೇಳಿ ಹೀಗಾಯಿತು. ಮೊದಲು ಇವನ ಅಪ್ಪನನ್ನು ಕೇಳಿದೆ, ಆಮೇಲೆ ಇವನನ್ನು ಕೇಳಿದೆ. ಹೊರಗೆ ಕಾಲಿಡದವರ ಕಾಲು ಈ ಮನೆಯಲ್ಲಿ ಕಲ್ಲಾಗುತ್ತದೆ. ನಿನ್ನದು ಬೆಚ್ಚಗಿದೆಯೋ? ಮುಟ್ಟಿ ನೋಡಿಕೋ."

ಪದ್ಮಲೆ ಬಗ್ಗಿ ಮುಟ್ಟಿ ನೋಡಿಕೊಂಡಳು. ಎರಡೂ ಕಿರುಬೆರಳು ಬೀಸುವ ಕಲ್ಲಿನ ಹಾಗೆ ತಣ್ಣಗಿದ್ದವು.

"ಕಲ್ಲು ಹಿಮ್ಮಡಿಗೆ ಬರುವಷ್ಟರಲ್ಲಿ ಹೊರಟೆಯೋ ಹೊರಟೆ. ಇಲ್ಲವಾದರೆ ಇಲ್ಲೇ ನನ್ನ ಪಕ್ಕದಲ್ಲಿ ಜಾಗವಿದೆ. ಮಾತಿಗೆ ಜೊತೆಯಾಗುತ್ತದೆ ನನಗೂ" ಎಂದಳು ಮುದುಕಿ.

ಪದ್ಮಲೆ ಅಂದೇ ಹೊರಟಳು. ಅಳುಕ ಎದೆಯ ಮೇಲೆ ಕೂತಿದ್ದರೂ ಕಣ್ಣು ಮುಚ್ಚಿಕೊಂಡು ಒಂದು ಹೊಸಿಲು ದಾಟಿದಳು, ಎರಡು ದಾಟಿದಳು, ಹೆಬ್ಬಾಗಿಲಿಗೆ ಬಂದಳು. ಎದುರಿಗೆ ಭುವನಮಲ್ಲ ಬರುತ್ತಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳು ಮರ್ಯಾದಸ್ಥರ ಮನೆಯ ಮಗಳು. ಕಾಲು ತಾನಾಗಿಯೇ ನಿಂತಿತು, ಬಾಯಿ ತಾನಾಗಿಯೇ ಕೇಳಿತು: "ಬರಲೇ?"

"ಇವತ್ತು ಬೇಡ, ಬಂಗಾರ" ಎಂದ ಅವನು, ಅವಳ ಕೈ ಹಿಡಿದು ಒಳಗೆ ಕರೆತಂದ. ಮಂಜು ಹೆಬ್ಬಾಗಿಲಿನ ಮೆಟ್ಟಿಲವರೆಗೆ ಬಂತು. ಅವಳ ಕಾಲಿನ ಹತ್ತೂ ಬೆರಳು ಕಲ್ಲಾದವು.

"ಕೇಳಿದೆಯಾ?" ಮರುದಿನ ಮಾಳಲೆ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಕಳ್ಳನ ಹತ್ತಿರವೇ ಹೋಗಿ, ನಾನು ಕಳುವಾಗದಿರಲೇ ಅಂತ ಕೇಳಿದ ಹಾಗಾಯಿತಲ್ಲೇ!"

"ಹಾಗಲ್ಲ ಅತ್ತೆ. ಆ ಪ್ರಾಣಿ ಎದೆಯ ಮೇಲೆ ಕೂತರೆ ನನಗೆ ಬುದ್ಧಿಯೇ ನಿಲ್ಲುವುದಿಲ್ಲ. ಸತ್ತೇಹೋದೆ ಅನ್ನಿಸುತ್ತದೆ."

"ಕಚ್ಚಿದೆಯೇನು ಅದು ನಿನ್ನನ್ನು?"

"ಇಲ್ಲ."

"ಅದಕ್ಕೆ ಹಲ್ಲಿದೆಯಾ?"

ಪದ್ಮಲೆಗೆ ಗೊತ್ತಿರಲಿಲ್ಲ. ಅಳುಕದ ಮುಖವನ್ನು ಅವಳು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ.

ಭುವನಮಲ್ಲ ಹೊರಗೆ ಹೋದ ಹೊತ್ತಿನಲ್ಲಿ ಅವಳು ನಡುಮನೆಯ ಹೊಸಿಲ ಬಳಿ ಕೂತಳು. ಅಳುಕ ಬಂತು, ನಾಯಿಯಷ್ಟಾಯಿತು. ಈ ಸಲ ಕಣ್ಣು ಮುಚ್ಚಲಿಲ್ಲ. ಅದರ ಮುಖವನ್ನು ನೆಟ್ಟಗೆ ನೋಡಿದಳು. ಅದರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಭಾರ ಮಾತ್ರ ಇತ್ತು. ಆ ಭಾರ ಏರಿತು, ಏರಿತು, ಇನ್ನು ತಡೆಯಲಾರೆ ಎನ್ನುವಷ್ಟು ಏರಿತು. ಅವಳು ಏಳಲಿಲ್ಲ. ಆಗ ಅದು ತಾನಾಗಿಯೇ ಇಳಿಯತೊಡಗಿತು. ಅಳುಕ ಮತ್ತೆ ಬೆಕ್ಕಿನಷ್ಟಾಗಿ ಆಕಳಿಸಿತು. ಪದ್ಮಲೆ ಎದ್ದು ಮೊದಲ ಹೊಸಿಲು ದಾಟಿ, ಆಚೆ ಸ್ವಲ್ಪ ಹೊತ್ತು ನಿಂತು ಬಂದಳು.

ಪಡಸಾಲೆಯ ಹೊಸಿಲಲ್ಲಿ ಅದು ಕರುವಿನಷ್ಟಾಯಿತು. ಮೊದಲ ದಿನ ಅವಳು ಒಳಗೆ ಓಡಿ ಬಂದಳು. ಮರುದಿನವೂ ಓಡಿ ಬಂದಳು. "ನಾಳೆ ಏನು ಕಾಡಿಗೆ ಹೋಗುತ್ತದೆಯೇ ಹೊಸಿಲು? ಅಲ್ಲೇ ಇರುತ್ತದೆ" ಎಂದಳು ಮಾಳಲೆ. ಮತ್ತೊಂದು ದಿನ ಕೂತಳು. ಬೆವರಿದಳು, ಅತ್ತಳು, ಆದರೂ ಕೂತೇ ಇದ್ದಳು. ಭಾರ ಏರಿ ಇಳಿಯಿತು. ಎರಡನೆಯ ಹೊಸಿಲನ್ನೂ ದಾಟಿದಳು.

ಅಷ್ಟರಲ್ಲಿ ಪಾದ ಪೂರ್ತಿ ತಣ್ಣಗಾಗಿತ್ತು. ಹಿಮ್ಮಡಿಯೊಂದೇ ಬೆಚ್ಚಗಿತ್ತು. ಹೆಬ್ಬಾಗಿಲಿಗೆ ಹೊರಡುವ ಬೆಳಿಗ್ಗೆ ಅವಳು ದೀಪದ ಕೋಣೆಗೆ ಬಂದು ಅತ್ತೆಯ ಮುಂದೆ ನಿಂತಳು. ಇನ್ನೇನು ಬಾಯಿ ತೆರೆಯಬೇಕು, ಮುದುಕಿ ಕೈ ಅಡ್ಡ ಹಿಡಿದಳು.

"ನನ್ನನ್ನೂ ಕೇಳಬೇಡ. ಹಾಳು ಅಭ್ಯಾಸ, ನನ್ನ ಬಾಯಲ್ಲೂ 'ಬೇಡ' ಬಂದುಬಿಟ್ಟೀತು. ಒಬ್ಬಳೇ ಇರಲು ನನಗೂ ಬೇಸರವೇ. ನಡಿ, ನಡಿ."

ಹೆಬ್ಬಾಗಿಲಲ್ಲಿ ಭುವನಮಲ್ಲ ಒಳಮುಖವಾಗಿ ನಿಂತಿದ್ದ. ಹೇಗೋ ಅವನಿಗೆ ತಿಳಿದಿತ್ತು.

"ನಿನ್ನನ್ನು ಹೂವಿನ ಹಾಗೆ ನೋಡಿಕೊಂಡೆ. ಏನು ಕಡಿಮೆ ಮಾಡಿದೆ, ಹೇಳು?" ಎಂದ ಮೆತ್ತಗೆ. ಅವಳ ಕಣ್ಣು ತುಂಬಿತು. ಅಳುಕ ನಾಯಿಯಷ್ಟಾಯಿತು. ಅವಳು ಒಂದು ಹೆಜ್ಜೆ ಇಟ್ಟಳು.

"ಅಲ್ಲಿ ಯಾರಿದ್ದಾರೆ ನಿನಗೆ? ಎಲ್ಲರೂ ನಿನ್ನನ್ನು ಮರೆತಿದ್ದಾರೆ" ಎಂದ. ಅದು ನಿಜವಿರಬಹುದೆಂದು ಅವಳಿಗೂ ಅನ್ನಿಸಿತು. ಅಳುಕ ಕರುವಿನಷ್ಟಾಯಿತು. ಅವಳು ಇನ್ನೊಂದು ಹೆಜ್ಜೆ ಇಟ್ಟಳು.

ಆಗ ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಕ್ಕ. "ಸರಿ, ಹೋಗು. ನಾನೇನು ಕಟ್ಟಿಹಾಕಿದ್ದೇನೆಯೇ? ಪದ್ಧತಿಯಂತೆ ಒಂದು ಮಾತು ಕೇಳಿ ಹೋಗು, ಅಷ್ಟೇ. ಕೇಳದೆ ಹೋಗುವುದು ಹೆಣ ಮಾತ್ರ, ಬಂಗಾರ."

ಅಳುಕ ಎಮ್ಮೆಯಷ್ಟಾಯಿತು. ಪದ್ಮಲೆಯ ನಾಲಗೆಯ ತುದಿಗೆ ಆ ಮಾತು ಬಂದು ಕೂತಿತು. ಹುಟ್ಟಿದಾಗಿನಿಂದ ಆಡಿದ ಮಾತು. ಅವಳು ಅದನ್ನು ನುಂಗಿಕೊಂಡಳು. ಭಾರ ಇಳಿಯಲೆಂದು ಕಾಯಲೂ ಇಲ್ಲ. ಎದೆಯ ಮೇಲೆ ಎಮ್ಮೆಯನ್ನು ಹೊತ್ತುಕೊಂಡೇ ಹೇಳಿದಳು:

"ಹಾಗಾದರೆ ನನ್ನ ತಿಥಿ ಮಾಡಿಸಿ. ನಾನು ಹೊರಟೆ."

ಹೊಸಿಲು ದಾಟಿದಳು.

ಹೊರಗೆ ಏನೂ ಕಾಣುತ್ತಿರಲಿಲ್ಲ. ಯಾರೂ ಕೂಗಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಬಿಳಿ ಮಂಜಿನಲ್ಲಿ ತನ್ನ ಕೈಯೇ ತನಗೆ ಕಾಣದು. ಅಂಥ ಒಂಟಿತನವನ್ನು ಅವಳು ಆ ಮನೆಯೊಳಗೂ ಕಂಡಿರಲಿಲ್ಲ. ಕಲ್ಲಿನ ಪಾದ ಎತ್ತಿ ಎತ್ತಿ ಇಡುತ್ತಾ, ಹಿಂದಕ್ಕೆ ತಿರುಗಿದರೆ ಕನಿಷ್ಠ ಒಂದು ದನಿಯಾದರೂ ಇದೆ ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಮುಂದೆ ನಡೆದಳು. ಮಂಜು ದಾರಿ ಬಿಟ್ಟಿತು. ಅದು ಅಪ್ಪಣೆ ಕೇಳಿದವರಿಗೆ ಮಾತ್ರ ಗೋಡೆ, ಕೇಳದವಳಿಗೆ ಬರೀ ಮಂಜು. ಗುಡ್ಡದ ಅರ್ಧಕ್ಕೆ ಬಂದಾಗ ಬಿಸಿಲು ಬಿತ್ತು. ಪಾದ ಚುರುಗುಟ್ಟಿತು, ಬೆರಳು ಅಲುಗಿತು. ಅವಳು ದಾರಿಯಲ್ಲೇ ಕುಸಿದು ಕೂತು, ಮಣ್ಣಿನಲ್ಲಿ ಹತ್ತೂ ಬೆರಳಾಡಿಸಿ ಬಿಕ್ಕಿಬಿಕ್ಕಿ ಅತ್ತಳು.

ಅತ್ತ ಮನೆಯಲ್ಲಿ ಮಾಳಲೆಯ ಕಲ್ಲು ನೀರಿನ ಹಾಗೆ ಇಳಿದುಹೋಯಿತು. ಮುದುಕಿ ಎದ್ದಳು, ಮಂಡಿ ಉಜ್ಜಿಕೊಂಡಳು, ಮೂರು ಹೊಸಿಲನ್ನೂ ದಾಟಿ ಅಂಗಳಕ್ಕೆ ಬಂದಳು. ಹೆಬ್ಬಾಗಿಲ ಹೊಸಿಲನ್ನು ಒಬ್ಬಳು ಕೇಳದೆ ದಾಟಿದ್ದೇ ತಡ, ಭುವನಮಲ್ಲನ ಮಾಯೆಯೆಲ್ಲ ಸೋರಿಹೋಗಿತ್ತು. ಹೆಂಡತಿಯ ಹಿಂದೆ ಓಡಲು ಹೊರಟವನು ಹೆಬ್ಬಾಗಿಲ ಒಳಗೇ ತಡೆದು ನಿಂತ. ಅವನೂ ಹೇಮಗಿರಿಯವನೇ. ಕೇಳದೆ ದಾಟುವ ಧೈರ್ಯ ಅವನಿಗೆ ಇರಲಿಲ್ಲ.

"ಅವ್ವಾ, ಬರಲೇ?" ಎಂದ.

ಮಾಳಲೆ ತಿರುಗಿ ಮಗನನ್ನು ನೋಡಿದಳು. "ಇವತ್ತು ಬೇಡ, ಬಂಗಾರ. ಗಾಳಿ ಸರಿಯಿಲ್ಲ" ಎಂದು ಹೇಳಿ ಗುಡ್ಡ ಇಳಿದಳು. ಒಳಗೆ "ಹೋಗಿ ಬಾ" ಎನ್ನುವವರು ಯಾರೂ ಉಳಿದಿರಲಿಲ್ಲ. ಅವನು ಅಲ್ಲೇ ಉಳಿದ.

ಗಾಣಿಗರ ಕೇರಿಯಲ್ಲಿ ಚಂದಲೆ ಎತ್ತಿಗೆ ಹಿಂಡಿ ಇಡುತ್ತಿದ್ದಳು. ಅಕ್ಕನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ಓಹೋ, ರಾಣಿಯಮ್ಮನವರು ದಾರಿ ತಪ್ಪಿ ಬಂದರೋ? ಗಾಣದ ವಾಸನೆ ಆಗುವುದಿಲ್ಲ, ಮನೆಗೆ ಬರಬೇಡಿ ಅಂತ ಗಂಡನ ಕೈಯಲ್ಲಿ ಹೇಳಿ ಕಳಿಸಿದವಳು ನೀನೇ ಅಲ್ಲವೇ?"

ಪದ್ಮಲೆ ಹತ್ತಿರ ಬಂದಳು. ಚಂದಲೆ ಅವಳ ಮುಖ ನೋಡಿದಳು, ಬತ್ತಿದ ತೋಳು ನೋಡಿದಳು. ಹಿಂಡಿಯ ಬುಟ್ಟಿ ಕೈಯಿಂದ ಜಾರಿತು.

"ಅಕ್ಕಾ, ನೀನು ಹೇಳಿರಲಿಲ್ಲವೇನೇ?"

ಪದ್ಮಲೆ ಇಲ್ಲವೆಂದು ತಲೆಯಾಡಿಸಿದಳು. ಚಂದಲೆ ಅವಳನ್ನು ಒಳಗೆ ಕರೆದು ಕೂರಿಸಿದಳು. ಎಣ್ಣೆ ಬಿಸಿ ಮಾಡಿ ತಂದು ಅಕ್ಕನ ಪಾದಕ್ಕೆ ತಿಕ್ಕುತ್ತಾ ಕೂತಳು.

ಮಾಳಲೆಯೂ ಆ ಮನೆಗೇ ಬಂದಳು. ಎತ್ತು ಬಲಕ್ಕೆ ಸುತ್ತಬೇಕೋ ಎಡಕ್ಕೆ ಸುತ್ತಬೇಕೋ ಎಂದು ಚಂದಲೆಯ ಜೊತೆ ದಿನವೂ ಜಗಳವಾಡುತ್ತಾ ಗಟ್ಟಿಮುಟ್ಟಾದಳು. ಅಳುಕವೂ ದಾರಿ ಹಿಡಿದು ಹಿಂದೆಯೇ ಬಂತು. ಅದನ್ನು ಯಾರೂ ಓಡಿಸಲಿಲ್ಲ. ಕೆಲವು ಬೆಳಿಗ್ಗೆ ಈಗಲೂ ಪದ್ಮಲೆಯ ಎದೆಯ ಮೇಲೆ ಹತ್ತುತ್ತದೆ. ಅವಳು ಅದರ ಮುಖ ನೋಡುತ್ತಾಳೆ. ಅದು ಇಳಿದು ಹೋಗುತ್ತದೆ.

ಒಮ್ಮೆ ಅವಳು ಒಬ್ಬಳೇ ಸಂತೆಗೆ ಹೋದಳು. ತರಕಾರಿಯವಳು "ಏನು ಕೊಡಲಿ ತಾಯಿ?" ಎಂದಳು. ಪದ್ಮಲೆ ರಾಶಿಯ ಮುಂದೆ ಬಹಳ ಹೊತ್ತು ನಿಂತಳು. ಅವನಿಗೆ ಯಾವುದು ಇಷ್ಟವೆಂದು ಗೊತ್ತಿತ್ತು. ತನಗೆ ಯಾವುದು ಇಷ್ಟವೆಂಬುದು ಮರೆತುಹೋಗಿತ್ತು. ಸುತ್ತ ಅಷ್ಟೊಂದು ಜನರಿದ್ದರೂ ಆ ಮಂಜಿನಲ್ಲಿ ನಿಂತ ಹಾಗೆಯೇ ಆಯಿತು. ಹಿಂದಿನವರು "ಬೇಗ ಹೇಳಮ್ಮಾ, ನಮಗೂ ಮನೆಯಿದೆ" ಎಂದು ಗೊಣಗಿದರು. ಅವಳು ಅವಸರ ಪಡಲಿಲ್ಲ. ಬದನೆ ಮುಟ್ಟಿದಳು, ಹೀರೆ ಮುಟ್ಟಿದಳು, ಬಿಟ್ಟಳು.

"ಹಾಗಲಕಾಯಿ ಕೊಡು" ಎಂದಳು ಕೊನೆಗೆ. ಅವಳ ದನಿ ಸಂತೆಯ ಆ ತುದಿಗೆ ಕೇಳಿಸಿತು.

ಅಂದು ಆ ಮನೆಯಲ್ಲಿ ಮೂವರೂ ಮುಖ ಕಿವಿಚಿಕೊಂಡು, ಒಬ್ಬರ ಮುಖ ನೋಡಿ ಒಬ್ಬರು ನಕ್ಕು, ಬಟ್ಟಲು ಬರಿದಾಗುವವರೆಗೆ ಉಂಡರು. ಹೇಮಗಿರಿಯ ಜನ ಹೀಗೆ ಉಂಡು, ನಕ್ಕು, ಜಗಳವಾಡಿ ಬಹುಕಾಲ ಸುಖವಾಗಿ ಬಾಳಿದರು. ಈ ಕತೆ ಕೇಳಿದವರ ಎದೆಯೂ ಹಗುರಾಗಲಿ.