ತಪ್ಪು ಮರದ ಕೆಳಗೆ

ಗುರುಬಸವನ ಮುಖ ಕಂಡರೆ ವಿಜಯಶ್ರೀಗೆ ಮೂರು ದಿನದಿಂದ ಹೇಸಿಗೆ. ಅವನು ಸುರ್ ಎಂದು ಚಹಾ ಹೀರುವುದು ಹೇಸಿಗೆ. ಕಚ್ಚಿ ಕಚ್ಚಿ ಜಜ್ಜಿಹೋದ ಅವನ ಪೆನ್ನಿನ ಕ್ಯಾಪು ಹೇಸಿಗೆ. ಹೋದ ವಾರ ಅದೇ ಕ್ಯಾಪು ನೋಡಿ ಒಳಗೊಳಗೇ ನಕ್ಕವಳು ತಾನೇ ಎಂಬುದಂತೂ ಇನ್ನೂ ಹೇಸಿಗೆ. ಅವನ ಜೊತೆ ಕೂರಬಾರದೆಂದು ಹೈದರಾಬಾದಿನ ಲಿಂಗಂಪಲ್ಲಿ ಟ್ರೈನು ಬಿಟ್ಟು ಬಸ್ಸಿನಲ್ಲಿ ನೇತಾಡಿಕೊಂಡು ಆಫೀಸಿಗೆ ಬರುತ್ತಿದ್ದಳು.

ಆಗಿದ್ದಿಷ್ಟು. ಅಮೆರಿಕದ ಕ್ಲೈಂಟ್ ಜೊತೆ ಫೋನಿನಲ್ಲಿ ಮೀಟಿಂಗು. ಪ್ರೋಗ್ರಾಮಿನ ದೋಷ ಹುಡುಕಲು ಎರಡು ದಿನ ಯಾಕೆ ಬೇಕಾಯಿತು ಎಂದು ಅವರು ಕೇಳಿದರು. ಕಾನ್ವೆಂಟಿನಲ್ಲಿ ಓದಿದ ಗುರುಬಸವ, "ವಿಜಯಶ್ರೀ ವಾಸ್ ಬಾರ್ಕಿಂಗ್ ಅಪ್ ದ ರಾಂಗ್ ಟ್ರೀ" ಎಂದುಬಿಟ್ಟ. ಹುಮನಾಬಾದಿನ ಕನ್ನಡ ಶಾಲೆಯ ಹುಡುಗಿಗೆ ಮರಗಿರ ಕೇಳಿಸಲಿಲ್ಲ, ಬಾರ್ಕಿಂಗ್ ಒಂದೇ ಕೇಳಿಸಿತು. ಬೊಗಳುತ್ತಿದ್ದಳಂತೆ! ಎರಡು ವರ್ಷ ಅವಳ ಡಬ್ಬಿಯ ರೊಟ್ಟಿ ತಿಂದವನ ಮಾತು ಇದು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇನ್ನೇನು?

ಅವತ್ತೇ ಪುಣೆಗೆ ವರ್ಗ ಕೇಳುವ ಫಾರ್ಮು ತುಂಬಿದಳು. ಇವತ್ತು ಸಂಜೆಯೊಳಗೆ ಕೊಡಬೇಕು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನೇ ಎದುರು ಬಂದು ಕುಳಿತ. ಅವಳು ಡಬ್ಬಿ ಎಳೆದುಕೊಂಡಳು.

"ಪುಣೆಕ್ಕ ಹೊಂಟೀರಂತ. ಯಾಕ್ರಿ?"

"ನಾಯಿಗೆ ಯಾವ ಊರಾದ್ರೇನು?"

"ಅಂದ್ರ?"

"ಅಮೆರಿಕಾದವ್ರ ಮುಂದ ನಾ ಬೊಗಳಾಕತ್ತಿದ್ದೆ ಅಂದಿರಲ್ಲ! ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಥೂ!"

ಗುರುಬಸವನಿಗೆ ನಗು ಬಂತು. ಅವಳ ಕಣ್ಣು ತುಂಬಿದ್ದು ಕಂಡು ನುಂಗಿಕೊಂಡ.

"ಅದು ಇಂಗ್ಲಿಷ್ ಗಾದಿ ಮಾತ್ರಿ. ಅಳಿಲು ಒಂದು ಮರಾ ಏರಿರ್ತೈತಿ, ನಾಯಿ ಇನ್ನೊಂದರ ಕೆಳಗ ನಿಂತು ಬೊಗಳ್ತೈತಿ. ಇಲ್ಲದ ಕಡೆ ಹುಡುಕಿದ್ರಿ, ಅಷ್ಟ ಅರ್ಥ. ಆಮ್ಯಾಲ ನಾ ಏನಂದೆ ಕೇಳ್ಲಿಲ್ಲೇನು? ಆ ಮರಾ ತೋರಿಸಿದಾವ ನಾನ, ತಪ್ಪು ನಂದು ಅಂದೆ."

ಕೇಳಿರಲಿಲ್ಲ. ಸಿಟ್ಟಿಗೆ ಅವಳ ಕಿವಿ ಮುಚ್ಚಿಹೋಗಿತ್ತು. ಮೂರು ದಿನದ ಹೇಸಿಗೆಯೆಲ್ಲ ಈಗ ತಿರುಗಿ ಅವಳ ಮೇಲೇ ಬಂತು.

"ಆದ್ರೂ ಹೆಣ್ಮಕ್ಕಳಿಗೆ ಹಂಗ ಅನಬಾರದು."

"ಅನಬಾರದಿತ್ತು. ತಪ್ಪಾತ್ರಿ."

ಅವಳು ಎರಡೇ ಬೆರಳಿನಿಂದ ಡಬ್ಬಿಯನ್ನು ಅವನ ಕಡೆ ಸರಿಸಿದಳು. ಅವನು ರೊಟ್ಟಿ ಮುಟ್ಟಲಿಲ್ಲ. ಪೆನ್ನಿನ ಕ್ಯಾಪು ಕಚ್ಚುತ್ತ ಕೂತ.

"ಎರಡು ವರ್ಷಾತು, ನಾನೂ ಒಂದು ಮರದ ಕೆಳಗ ನಿಂತೀನ್ರಿ. ಸರಿ ಮರಾನೋ ಅಲ್ಲೋ ಗೊತ್ತಿಲ್ಲ. ಬೊಗಳ್ಲೇನು?"

ವಿಜಯಶ್ರೀ ಬ್ಯಾಗಿನಿಂದ ಪುಣೆಯ ಫಾರ್ಮನ್ನು ತೆಗೆದು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಟೇಬಲ್ಲಿನ ಕಾಲಿನಡಿ ತುರುಕಿದಳು.

"ಮೊದಲು ಬಾಯಾಗಿನ ಆ ಕ್ಯಾಪು ತಗೀರಿ, ಹೇಸಿಗಿ," ಎಂದಳು. "ಹಾಂ, ಈಗ ಬೊಗಳ್ರಿ."