ಭಜನೆ ಮನೆಯಲ್ಲಿ ಜಪಾನಿ ಪಾಠ

“ಕುಚಿ ಓ ಅಕೆತೆ ಕುದಸಾಯ್!”

ಒಂಬತ್ತು ಮಕ್ಕಳು ಒಟ್ಟಿಗೆ ಕೂಗಿದರು. ತಾಳ ಹಿಡಿದಿದ್ದ ಚಿಕ್ಕರಂಗ ಝಣ್ ಎಂದು ಒಂದು ಪೆಟ್ಟು ಹಾಕಿದ.

“ಅರ್ಥ?” ಎಂದರು ಕಾಡಸಿದ್ದಪ್ಪ ಮೇಷ್ಟ್ರು.

“ಮಹಾಸ್ವಾಮಿಗಳು ನಮ್ಮೂರಿಗೆ ದಯಮಾಡಿಸಬೇಕು!”

“ಇತಾಕು ನಾಯ್!”

“ತಮ್ಮ ಪಾದವೇ ನಮಗೆ ಗತಿ!”

“ಬೌ ಬೌ” ಎಂದ ಚಿಕ್ಕರಂಗ. ‘ನಾಯ್’ ಬಂದಾಗಲೆಲ್ಲ ಅವನು ಬೊಗಳದೆ ಬಿಡುತ್ತಿರಲಿಲ್ಲ.

“ಲೇ, ನಾಳೆ ಜಪಾನಿನೋರ ಮುಂದೆ ಇಂಗೇ ಬೊಗಳಿದ್ರೆ ನಿನ್ ತಲೆ ತೆಗೀತಾರೆ ಕಣ್ಲಾ” ಎಂದಳು ಗಂಗು.

“ತೆಗೀಲಿ ಬುಡು. ಮೊದ್ಲು ನಿನ್ ಮೂಗು ಕುಯ್ತಾರೆ. ಅದೇ ಮುಂದಕ್ಕೆ ಬಂದೈತೆ.”

“ತಾಳ, ತಾಳ!” ಎಂದು ಮೇಷ್ಟ್ರು ಗಾಬರಿಯಿಂದ ಪಿಸುಗುಟ್ಟಿದರು. “ಬೀದೀಲಿ ಪೊಲೀಸ್ ಪೇದೆ ಹೋಗ್ತಾವ್ನೆ.”

ಚಿಕ್ಕರಂಗ ತಾಳವನ್ನು ಜೋರಾಗಿ ಕುಟ್ಟಿದ. ಒಂಬತ್ತು ಮಕ್ಕಳೂ ಕಣ್ಣು ಮುಚ್ಚಿ, ತಲೆ ಆಡಿಸುತ್ತ, ಜಪಾನಿ ಮಾತನ್ನು ಭಜನೆಯಂತೆ ಎಳೆದೆಳೆದು ಹಾಡಿದರು. ಪೇದೆ ಒಂದು ಗಳಿಗೆ ನಿಂತ, ಭಜನೆ ಮನೆಯ ಕಡೆ ಕೈಮುಗಿದ, ಹೋದ.

ಅದು ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆ. ಜಪಾನಿನವರು ರಂಗೂನನ್ನು ಹಿಡಿದಾಗಿತ್ತು. ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದಿತ್ತು. ಬೆಂಗಳೂರಿನ ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಮಧುಗಿರಿಗೆ ಬಂದು ನೆಂಟರ ಮನೆಗಳಲ್ಲಿ ತುಂಬಿಕೊಂಡಿದ್ದರು. ಬಂದವರೆಲ್ಲ ಹೇಳಿದ್ದು ಒಂದೇ: ಇನ್ನೇನು, ಬಂದೇಬಿಟ್ಟರು!

ಗಂಗುವಿನ ತಾತ ಮಲ್ಲಿಕಾರ್ಜುನಯ್ಯನವರಿಗೆ ಹುಣಸೆಹಣ್ಣಿನ ಮಂಡಿಯಿತ್ತು. ಊರೆಲ್ಲ ಹೆದರಿ ಕೂತಾಗ ಅವರು ಹೆದರಲಿಲ್ಲ. ಯೋಚನೆ ಮಾಡಿದರು.

“ನವಾಬರು ಬಂದಾಗ ಪಾರ್ಸಿ ಕಲಿತೋರಿಗೆ ಕೆಲ್ಸ ಸಿಕ್ತು. ಇಂಗ್ಲಿಷ್ನೋರು ಬಂದಾಗ ಇಂಗ್ಲಿಷ್ ಕಲಿತೋರಿಗೆ ಕುರ್ಚಿ ಸಿಕ್ತು. ಎರಡು ಸಲಾನೂ ನಮ್ಮ ಮನೆಯೋರು ಹುಣಸೆಹಣ್ಣು ಕುಟ್ಕೊಂಡು ಕೂತಿದ್ರು. ಈ ಸಲ ಅಂಗಾಗಬಾರ್ದು” ಎಂದು ಅವರು ಬೀದಿಯ ಐದು ಮನೆಯವರನ್ನು ಕರೆದು ಹೇಳಿದರು.

ಆದರೆ ಜಪಾನ್ ಸರ್ಕಾರದ ಶತ್ರು. ಶತ್ರುವಿನ ಭಾಷೆ ಕಲಿಯುತ್ತಾರೆಂದು ಗೊತ್ತಾದರೆ ಜೈಲು. ಅದಕ್ಕೇ ಪಾಠ ಭಜನೆ ಮನೆಯಲ್ಲಿ, ಅದಕ್ಕೇ ತಾಳ. ಗಂಗುವಿನ ಕಂಠ ಚೆನ್ನಾಗಿತ್ತು. ಹಾಗಾಗಿ ಅವಳೇ ಲೀಡರು.

ಇನ್ನು ಮೇಷ್ಟ್ರು. ಕಾಡಸಿದ್ದಪ್ಪನವರು ನಿಡುಗಲ್ ಕಡೆಯವರು. ಹನ್ನೆರಡು ವರ್ಷ ರಂಗೂನಿನಲ್ಲಿ ಒಬ್ಬ ಜಪಾನಿ ಡಾಕ್ಟರ ಹತ್ತಿರ ಕೆಲಸಕ್ಕಿದ್ದರು. ಬಾಂಬು ಬಿದ್ದಮೇಲೆ ಕಾಡು, ಬೆಟ್ಟ ದಾಟಿ ನಡೆದು ಬಂದವರು. ಊರಿಗೆ ಹೋಗಿ ನೋಡಿದರೆ ಮನೆಯಿದ್ದ ಕಡೆ ಬರೀ ಪಾಯ ಉಳಿದಿತ್ತಂತೆ. ಮಧುಗಿರಿಗೆ ಬಂದಾಗ ಅವರ ಮೈಮೇಲೆ ಇದ್ದದ್ದು ಒಂದು ಹರಕು ಕೋಟು ಮತ್ತು ಎಣಿಸಬಹುದಾದಷ್ಟು ಎಲುಬು.

ಓದುವ ಬಡಹುಡುಗರು ದಿನಕ್ಕೊಂದು ಮನೆಯಂತೆ ಊಟ ಮಾಡಿ ವಾರ ಕಳೆಯುವ ರೂಢಿಯಿದೆಯಲ್ಲ, ವಾರಾನ್ನ? ಇಲ್ಲಿ ಆ ವಾರಾನ್ನ ಮೇಷ್ಟ್ರಿಗೇ. ಆರು ಮನೆಗಳವರು ಆರು ದಿನ ಒಪ್ಪಿಕೊಂಡರು. ಭಾನುವಾರ ಮೇಷ್ಟ್ರು ನೀರು ಕುಡಿದು ಮಲಗುತ್ತಿದ್ದರು.

ಉಂಡ ಮನೆಗೆ ಒಂದು ಮಾತು ಕಲಿಸಿ ಬರಬೇಕಾಗಿತ್ತು. ಒಂದು ಮನೆಗೆ ‘ನಮ್ಮ ಎಮ್ಮೆ ಬತ್ತಿಹೋಗಿದೆ, ಹೊಡ್ಕೊಂಡು ಹೋಗಬೇಡಿ’ ಎನ್ನುವುದು ಬೇಕಿತ್ತು. ಗಂಗುವಿನ ಅಜ್ಜಿ ಚನ್ನಮಲ್ಲಮ್ಮನವರಿಗೆ ‘ಬೂಟು ಹಾಕ್ಕೊಂಡು ಅಡುಗೆಮನೆಗೆ ಬರಬ್ಯಾಡ್ರಪ್ಪ’ ಎನ್ನುವುದು ಬೇಕಿತ್ತು. ಮೇಷ್ಟ್ರು ಒಂದು ನಿಮಿಷ ಕಣ್ಣು ಮುಚ್ಚಿ, ಏನೋ ಒಂದು ಹೇಳುತ್ತಿದ್ದರು. ತುಪ್ಪ ಬಡಿಸಿದ ಮನೆಯಲ್ಲಿ ಮಾತು ಕೊಂಚ ಉದ್ದವಾಗಿರುತ್ತಿತ್ತು.

ಗುರುವಾರ ಗಂಗುವಿನ ಮನೆಯ ಸರದಿ.

ಅವತ್ತು ಬೆಳಿಗ್ಗೆಯಿಂದ ಗಂಗುವಿಗೆ ಹಲ್ಲುನೋವು. ಕೆನ್ನೆ ಊದಿಕೊಂಡು ಕಜ್ಜಾಯದಂತಾಗಿತ್ತು. ಹಾಲುಹಲ್ಲೊಂದು ಅಲ್ಲಾಡುತ್ತಿತ್ತು, ಬೀಳುತ್ತಿರಲಿಲ್ಲ. ಅಜ್ಜಿ ಹತ್ತಿರ ಹೋದರೆ ಸಾಕು, ಗಂಗು ತುಟಿ ಬಿಗಿದುಕೊಂಡು ಕಂಬ ಹಿಡಿಯುತ್ತಿದ್ದಳು.

“ಬಾಯಿ ಬುಡಮ್ಮ ಅಂದ್ರೆ ಬುಡಂಗಿಲ್ಲ, ಮೊಂಡು ಮುಂಡೇದು” ಎಂದು ಅಜ್ಜಿ ಮೇಷ್ಟ್ರಿಗೆ ಮುದ್ದೆ ಇಡುತ್ತ ಗೊಣಗಿದರು.

ಮೇಷ್ಟ್ರು ತಲೆಯೆತ್ತಿ ನೋಡಿದರು. ಅಷ್ಟು ಹಸಿದಿದ್ದವರು ಮುರಿದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದರು. ಕೈ ತೊಳೆದರು. ಒಂದು ಸಲವಲ್ಲ, ಎರಡು ಸಲ, ಬೆರಳ ಸಂದಿಯನ್ನೂ ಬಿಡದೆ ತೊಳೆದರು. ಗಂಗುವನ್ನು ಬಾಗಿಲ ಬೆಳಕಿಗೆ ತಿರುಗಿಸಿ ಕೂರಿಸಿ, ಅವಳ ಗದ್ದದ ಮೇಲೆ ಹೆಬ್ಬೆರಳು ಇಟ್ಟರು.

“ಕುಚಿ ಓ ಅಕೆತೆ ಕುದಸಾಯ್” ಎಂದರು ಮೆತ್ತಗೆ, ತಮಗೇ ಗೊತ್ತಿಲ್ಲದಂತೆ. ಹೆಬ್ಬೆರಳು ಒತ್ತಿತು. ಗಂಗುವಿನ ಬಾಯಿ ತೆರೆಯಿತು.

“ಇತಾಕು ನಾಯ್, ಇತಾಕು ನಾಯ್.” ಒಂದು ಬೆರಳು ಬೆನ್ನು ಸವರುವ ಹಾಗೆ ಹಲ್ಲನ್ನು ಸವರಿತು. ಟಕ್ ಎಂದಿತು, ಅಷ್ಟೇ. ಹಲ್ಲು ಮೇಷ್ಟ್ರ ಅಂಗೈಯಲ್ಲಿತ್ತು.

“ಅಯ್ಯೋ, ನೋವೇ ಆಗ್ಲಿಲ್ಲ!” ಎಂದಳು ಗಂಗು.

ಎಂದವಳು ಹಾಗೇ ನಿಂತಳು. ಬಾಯಿ ತೆಗೆ ಎನ್ನುವ ಹೊತ್ತಿಗೆ ಒಂದು ಮಾತು. ನೋಯಲ್ಲ ಎನ್ನುವ ಹೊತ್ತಿಗೆ ಇನ್ನೊಂದು. ಇವೇ ಅಲ್ಲವೇ ತಾವು ತಿಂಗಳಿಂದ ತಾಳ ಕುಟ್ಟಿ ಹಾಡುತ್ತಿದ್ದದ್ದು?

ಗಂಗು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನೆಲ ನೋಡಿದರು. ಮುದ್ದೆಯನ್ನು ಮತ್ತೆ ಮುಟ್ಟಲಿಲ್ಲ.

ಮರುದಿನ ಪಾಠಕ್ಕೆ ಗಂಗು ಎಲ್ಲರಿಗಿಂತ ಮೊದಲೇ ಹೋದಳು. ಮೋಸಹೋದ ಸಿಟ್ಟು ರಾತ್ರಿ ಕಳೆದರೂ ಇಳಿದಿರಲಿಲ್ಲ.

“ಮೇಷ್ಟ್ರೇ, ಅದು ಹಲ್ಲು ಕೀಳೋರ ಮಾತು ಅಲ್ವಾ?”

“ಹೂಂ ಕಣವ್ವ.”

“ಮಹಾಸ್ವಾಮಿಗಳು ಅಂತೆಲ್ಲ ಇಲ್ವಾ?”

“ಇಲ್ಲ.” ಮೇಷ್ಟ್ರು ಚಾಪೆಯ ಕಡ್ಡಿ ಕೀಳುತ್ತ ಕೂತರು. “ನಮ್ಮ ಡಾಕ್ಟ್ರು ಹಲ್ಲಿನ ಡಾಕ್ಟ್ರು. ನಾನು ಬೋಗುಣಿ ಹಿಡೀತಿದ್ದೆ. ಹನ್ನೆರಡು ವರ್ಷ ಕೇಳಿದ್ದು ಬಾಯಿ ತೆಗೀರಿ, ನೋಯಲ್ಲ, ಮುಗೀತು, ಇಷ್ಟೇಯ. ನಿಮ್ಮ ತಾತ ಜಪಾನಿ ಬರುತ್ತೇನಪ್ಪ ಅಂದ್ರು. ಒಸಿ ಬರುತ್ತೆ ಅಂದೆ. ಅಷ್ಟ್ರಲ್ಲಿ ಮುದ್ದೆ ಬಂತು. ಮಾರನೇ ದಿನ ಇನ್ನೊಬ್ರ ಮನೇಲಿ ಮುದ್ದೆ ಬಂತು. ಆಮೇಲೆ ಆ ‘ಒಸಿ’ ಯಾರಿಗೂ ಬೇಕಾಗ್ಲಿಲ್ಲ ಕಣವ್ವ. ನಂಗೂವೆ.”

“ಎಮ್ಮೆ ಮಾತು? ನಮ್ಮಜ್ಜಿ ಬೂಟಿನ ಮಾತು?”

“ಎಲ್ಲಾ ಹಲ್ಲೇಯ.”

ಗಂಗುವಿಗೆ ನಗು ಬಂತು. ಆದರೆ ಸಿಟ್ಟಿನಲ್ಲಿದ್ದಾಗ ನಗಬಾರದೆಂದು ತುಟಿ ಕಚ್ಚಿಕೊಂಡಳು.

“ತಾತಂಗೆ ಹೇಳ್ಬುಡವ್ವ” ಎಂದರು ಮೇಷ್ಟ್ರು. “ನಾನೇ ಹೇಳಾನ ಅಂತ ದಿನಾ ಎದ್ದು ಹೊರಡ್ತೀನಿ. ಊಟದ ಮನೆ ಬಾಗ್ಲಿಗೆ ಬಂದ್ರೆ ಮಾತೇ ಹೊರಡಾಕಿಲ್ಲ.”

ಗಂಗು ಅವತ್ತು ಹೇಳಲಿಲ್ಲ. ಹೇಳಿದರೆ ಆರು ಮನೆಯ ಬಾಗಿಲೂ ಒಂದೇ ದಿನ ಮುಚ್ಚುತ್ತವೆ. ಹೇಳದಿದ್ದರೆ? ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಬಂದದ್ದು ಶಿರಸ್ತೇದಾರರು.

ಶಿರಸ್ತೇದಾರ ನಾಗಲಿಂಗಯ್ಯನವರೆಂದರೆ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ನಂತರದ ಸಾಹೇಬರು. ಕೋಟು, ರುಮಾಲು, ಹಿಂದೆ ಅದೇ ಪೊಲೀಸ್ ಪೇದೆ. ಪಾಠ ನಡೆಯುತ್ತಿರುವಾಗಲೇ ಬಂದು ಭಜನೆ ಮನೆಯ ನಡುವೆ ಕೂತರು. ಸುದ್ದಿ ಕೇಳಿ ತಾತ ಮಂಡಿಯಿಂದ ಓಡಿ ಬಂದರು. ಅವರ ಕೈಯಲ್ಲಿ ಇನ್ನೂ ಹುಣಸೆಹಣ್ಣು ಅಂಟಿಕೊಂಡಿತ್ತು.

“ಇದ್ಯಾವ ದೇವರ ಭಜನೆ ಮಲ್ಲಿಕಾರ್ಜುನಯ್ಯನವರೆ? ತಿಂಗಳಿಂದ ನಮ್ಮ ಪೇದೆ ದಿನಾ ಕೈಮುಗೀತಾನಂತೆ, ಒಂದು ಪದಾನೂ ತಿಳೀಲಿಲ್ಲವಂತೆ.”

“ಹಳೇ ಭಜನೆ ಸ್ವಾಮಿ. ಬಾಳ ಹಳೇದು.”

“ಹಾಡಲಿ, ಕೇಳೋಣ.”

ಮಕ್ಕಳು ಹಾಡಿದರು. ‘ನಾಯ್’ ಬಂದಾಗ ಚಿಕ್ಕರಂಗ ಬೊಗಳುವುದನ್ನೇ ಮರೆತ.

ಶಿರಸ್ತೇದಾರರು ಗಂಗುವಿನ ಕಡೆ ಬೆರಳು ತೋರಿಸಿದರು. “ಎಲ್ಲಿ, ನೀನು ಹೇಳು ಮಗು. ಇದರ ಅರ್ಥವೇನು?”

ತಾತ ಅವಳನ್ನೇ ನೋಡುತ್ತಿದ್ದರು. ‘ಮಹಾಸ್ವಾಮಿಗಳು ದಯಮಾಡಿಸಬೇಕು’ ಎಂದರೆ ಶತ್ರುವನ್ನು ಕರೆದಂತೆ. ತಾತನಿಗೆ ಜೈಲು. ‘ಇದು ಹಲ್ಲು ಕೀಳುವ ಮಾತು’ ಎಂದರೆ ತಾತ ಉಳಿಯುತ್ತಾರೆ, ಮೇಷ್ಟ್ರ ಬಣ್ಣ ಬಯಲಾಗುತ್ತದೆ. ಮೇಷ್ಟ್ರು ಮೂಲೆಯಲ್ಲಿ ನಿಂತಿದ್ದರು. ಅವರ ಕಾಲ ಬಳಿ ಹರಕು ಕೋಟನ್ನು ಸುತ್ತಿ ಕಟ್ಟಿದ ಗಂಟು ಸಿದ್ಧವಾಗಿತ್ತು. ಬೆಳಿಗ್ಗೆಯೇ ಕಟ್ಟಿದ್ದರೇನೋ. ಅದು ಒಂದು ಕೂಸಿನ ತಲೆದಿಂಬಿನಷ್ಟೂ ಇರಲಿಲ್ಲ.

“ಹೇಳು, ಹೇಳು.”

“ನೋವಿರೋರ ಹತ್ರ ಆಡೋ ಮಾತು ಸ್ವಾಮಿ” ಎಂದಳು ಗಂಗು. “ಹೆದರ್ಕೋಬೇಡಿ, ನೋಯಲ್ಲ, ಇನ್ನೇನು ಮುಗೀತು ಅಂತ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

“ಎಂಥ ದೊಡ್ಡ ತತ್ವ!” ಎಂದರು ಶಿರಸ್ತೇದಾರರು. ಪೇದೆಯನ್ನು ವೀಳ್ಯದೆಲೆ ತರಲು ಸಂತೆಬೀದಿಗೆ ಅಟ್ಟಿದರು. ಅವನು ತಿರುವಿನಲ್ಲಿ ಮರೆಯಾದ ಮೇಲೆ ಮೇಷ್ಟ್ರ ಹತ್ತಿರ ಸರಿದು ದನಿ ತಗ್ಗಿಸಿದರು.

“ರಂಗೂನಿಂದ ಬಂದೋರಂತೆ ನೀವು. ನನಗೆ ಎಲ್ಲಾ ಗೊತ್ತು, ಹೆದರಬೇಡಿ. ನನಗೂ ಒಂದು ಮಾತು ಬೇಕಿತ್ತು. ‘ನಾನು ಬರೀ ಕಾಗದ ಬರೆಯೋನು, ಹುಕುಂ ಮಾಡೋರು ಅಮಲ್ದಾರರು’ ಅಂತ ಜಪಾನೀಲಿ ಹೆಂಗೆ ಹೇಳೋದು?”

ಮೇಷ್ಟ್ರು ಗಂಗುವಿನ ಕಡೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು:

“ನಂಗೆ ಜಪಾನಿ ಬರಾಕಿಲ್ಲ ಸ್ವಾಮಿ.”

ಶಿರಸ್ತೇದಾರರು ತೊಡೆ ತಟ್ಟಿ ನಕ್ಕರು. “ಭಲೇ! ಸರ್ಕಾರದೋರು ಕೇಳಿದ್ರೆ ಹಿಂಗೇ ಹೇಳಬೇಕು! ನೋಡಿದ್ರಾ ಮಲ್ಲಿಕಾರ್ಜುನಯ್ಯನವರೆ? ವಿದ್ಯೆ ಇರೋರ ಲಕ್ಷಣ ಇದು.”

“ನಿಜವಾಗ್ಲೂ ಬರಾಕಿಲ್ಲ ಸ್ವಾಮಿ. ನಾನು ಬೋಗುಣಿ…”

“ಆಯ್ತು, ಆಯ್ತು, ಬರಲ್ಲ! ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದು ‘ಬರಲ್ಲ’ ಅನ್ನುವಿರಂತೆ. ಹೋಳಿಗೆ ಮಾಡಿಸ್ತೀನಿ.”

ತಾತ ಹೆಮ್ಮೆಯಿಂದ ಮೀಸೆ ಒರೆಸಿಕೊಂಡರು. ಮೀಸೆಗೆ ಹುಣಸೆಹಣ್ಣು ಮೆತ್ತಿತು.

ಎಲ್ಲರೂ ಹೋದಮೇಲೂ ಗಂಗು ಹೋಗಲಿಲ್ಲ. ಮೇಷ್ಟ್ರು ಗಂಟನ್ನು ಬಿಚ್ಚಿ ಕೋಟು ಕೊಡವುತ್ತಿದ್ದರು.

“ನಿಜ ಹೇಳ್ದೆ. ಯಾರೂ ನಂಬಲಿಲ್ಲವಲ್ಲವ್ವ” ಎಂದರು.

“ನಾನು ನಂಬ್ದೆ” ಎಂದಳು ಗಂಗು.

ಮೇಷ್ಟ್ರು ಕೋಟನ್ನು ಗೂಟಕ್ಕೆ ಸಿಕ್ಕಿಸಿದರು. ಆಮೇಲೆ ಹಿತ್ತಲಿನಿಂದ ಎರಡು ಬೊಗಸೆ ಮರಳು ತಂದು ನೆಲದ ಮೇಲೆ ಹರಡಿ, ಬೆರಳಿನಿಂದ ಐದು ಗುರುತು ಬರೆದರು. ಒಂದು ಬಳ್ಳಿ ಸುತ್ತಿದಂತಿತ್ತು. ಇನ್ನೊಂದು ಬರೀ ಎರಡು ಗೀಟು, ಎದುರುಬದುರು ನಿಂತವರಂತೆ.

“ಇವು ಜಪಾನಿ ಅಕ್ಷರ. ಇದ್ರಲ್ಲಿ ಸುಳ್ಳಿಲ್ಲ. ಅ. ಇ. ಉ. ಎ. ಒ.”

“ಇದು ನಮ್ದೇ ಅಲ್ವಾ ಮೇಷ್ಟ್ರೇ!” ಗಂಗು ಮೊಣಕಾಲೂರಿ ಬಗ್ಗಿದಳು. “ನಿಮಗ್ಯಾರು ಹೇಳ್ಕೊಟ್ರು?”

“ಡಾಕ್ಟ್ರ ಮಗಳು. ನಿನ್ನಷ್ಟೇ ಇತ್ತು ಮಗು. ಸ್ಕೂಲಿಂದ ಬಂದು ಬ್ಯಾಗು ಎಸೆದು, ನಾನು ಬೋಗುಣಿ ತೊಳೀತಾ ಕೂತಿದ್ರೆ ಎದುರಿಗೆ ಕೂತ್ಕೊಳ್ಳೋದು. ದಿನಕ್ಕೊಂದು ಅಕ್ಷರ. ತಪ್ಪಾದ್ರೆ ಕೈಮೇಲೆ ಹೊಡೆಯೋದು.” ಮೇಷ್ಟ್ರು ನಕ್ಕರು. “ಐದಾಯ್ತು. ಅಷ್ಟ್ರಲ್ಲಿ ಯುದ್ಧ ಅಂದ್ರು. ಇಂಗ್ಲಿಷ್ ಪೊಲೀಸ್ನೋರು ಲಾರಿ ತಂದು ಜಪಾನಿನೋರನ್ನೆಲ್ಲ ತುಂಬ್ಕೊಂಡು ಹೋದ್ರು. ಆ ಮಗೂನೂವೆ.”

“ಅವಳೇನ್ ಮಾಡಿದ್ಲು?”

“ಏನೂ ಇಲ್ಲ. ಜಪಾನಿನೋಳು, ಅಷ್ಟೇಯ.”

ಒಂದು ತಿಂಗಳಿಂದ ಗಂಗುವಿನ ಮನಸ್ಸಿನಲ್ಲಿ ಜಪಾನಿನವರೆಂದರೆ ಬೂಟು, ಕತ್ತಿ, ಮೀಸೆ. ಎಮ್ಮೆ ಹೊಡೆದುಕೊಂಡು ಹೋಗುವವರು. ಅವರಲ್ಲಿ ಯಾರಾದರೂ ಬ್ಯಾಗು ಎಸೆದು ಓಡಿಬರುತ್ತಾರೆಂದು ಮಂಡಿಯಲ್ಲಿ, ಬೀದಿಯಲ್ಲಿ, ಯಾರೂ ಹೇಳಿರಲಿಲ್ಲ.

ಅವಳು ಮರಳಿನ ಮೇಲೆ ಬೆರಳಿಟ್ಟು, ಅಕ್ಷರ ಕೆಡದಂತೆ ಮೆಲ್ಲಗೆ ತಿದ್ದಿದಳು. ಅ. ಇ. ಉ. ಎ. ಒ.

ಐದನೆಯದು ಮುಗಿಯಿತು. ಗಂಗು ಆರನೆಯದನ್ನು ಕೇಳಲಿಲ್ಲ. ಮತ್ತೆ ಮೊದಲನೆಯದರಿಂದ ತಿದ್ದತೊಡಗಿದಳು.