ಅಂಟು ಕಲಸುವವಳು

"ಇದು ನಿಮಗೆ, ಇದು ನಿಮ್ಮ ಯಜಮಾನ್ರಿಗೆ," ಎಂದು ಆಲ್ಫೆ ಎರಡು ಕಾಕಂಬಿ ಬಿಸ್ಕತ್ತುಗಳನ್ನು ಬೇರೆಬೇರೆ ಕಾಗದದಲ್ಲಿ ಸುತ್ತಿ ಕೊಟ್ಟ. "ನಮ್ಮಕ್ಕ ಮಾಡಿದ್ದು. ಬೇಡ ಅಂದ್ರೆ ನನ್ನನ್ನ ಸುಮ್ನೆ ಬಿಡಲ್ಲ ಅವಳು."

ನೊರೀನ್ ಎರಡನ್ನೂ ತೆಗೆದುಕೊಂಡಳು. ಯಜಮಾನರು ತೀರಿಕೊಂಡು ಎರಡು ಚಳಿಗಾಲ ಕಳೆಯಿತು ಎಂದು ಹೇಳಲು ಬಾಯಿ ತೆರೆದಿದ್ದಳು ನಿಜ. ಆದರೆ ಮಾತು ಹೊರಡುವ ಮೊದಲೇ ಆಲ್ಫೆ ಏಣಿ ಹತ್ತಿಬಿಟ್ಟಿದ್ದ.

ಅವನು ಹಾಗೆ ತಿಳಿದುಕೊಂಡದ್ದು ಅವನ ತಪ್ಪಲ್ಲ. ಅವನು ಊರಿಗೆ ಹೊಸಬ, ಅವಳು ಅವನ ಜೊತೆ ಕೆಲಸಕ್ಕೆ ಸೇರಿ ಕೆಲವೇ ದಿನವಾಗಿತ್ತು. ಅವಳ ಬೆರಳಲ್ಲಿ ಉಂಗುರವಿತ್ತು. ಮಾತೆತ್ತಿದರೆ, "ನಾವು ಅಂಟನ್ನ ಇಷ್ಟು ಗಟ್ಟಿಯಾಗಿ ಕಲಸಲ್ಲ," "ನಾವು ಕಿಟಕಿ ಪಕ್ಕದಿಂದ ಶುರು ಮಾಡ್ತೀವಿ," ಎನ್ನುತ್ತಿದ್ದಳು. ಗೋಡೆಗೆ ವಾಲ್‌ಪೇಪರ್ ಅಂಟಿಸುವುದು ಇಬ್ಬರ ಕೆಲಸ. ಕೆಳಗೊಬ್ಬರು ಅಂಟು ಬಳಿದು ಮಡಚಿ ಕೊಡಬೇಕು, ಮೇಲೊಬ್ಬರು ಹಿಡಿದು ಕೂರಿಸಬೇಕು. ಸೇಂಟ್ ಜಾನ್ ಊರಿನ ಅರ್ಧ ಹಳೇ ಮನೆಗಳಲ್ಲಿ ಅವಳು ಬಳಿದಿದ್ದಳು, ಗಂಡ ಡರ್ಮಟ್ ಕೂರಿಸಿದ್ದ. ಡರ್ಮಟ್ ಹೋದ ಮೇಲೆ ಅವಳಿಗೆ ಅಳು ಬರಲಿಲ್ಲ. ಬರುತ್ತದೆ ಎಂದು ಎಲ್ಲರೂ ಕಾದರು, ಅವಳೂ ಕಾದಳು. ಬದಲಿಗೆ ಒಳಗೆಲ್ಲ ಜೋಮು ಹಿಡಿದಂತಾಯಿತು. ಮೀನಿನ ಸಾರಿಗೆ ಉಪ್ಪು ಹಾಕಿದ್ದು ನೆನಪಿರುತ್ತಿತ್ತು, ರುಚಿ ತಿಳಿಯುತ್ತಿರಲಿಲ್ಲ. ಕೊಲ್ಲಿಯಿಂದ ಮಂಜು ಎದ್ದು ಬೀದಿಯನ್ನು ನುಂಗಿದರೂ ಅಷ್ಟೇ, ಬಿಸಿಲು ಬಿದ್ದರೂ ಅಷ್ಟೇ.

ಆ ಸಂಜೆ ಅಡುಗೆಮನೆಯಲ್ಲಿ ನಿಂತು ತನ್ನ ಬಿಸ್ಕತ್ತು ತಿಂದಳು. ಆಮೇಲೆ ಡರ್ಮಟ್‌ನದನ್ನೂ ತಿಂದಳು. ಈ ಊರಿನಲ್ಲಿ ಒಬ್ಬನಾದರೂ ಡರ್ಮಟ್ ಬದುಕಿದ್ದಾನೆ ಎಂದುಕೊಂಡಿದ್ದಾನಲ್ಲ, ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಮರುದಿನವೂ ಎರಡು ಬಿಸ್ಕತ್ತು ಬಂದವು, ಆಗಲೂ ಹೇಳಲಿಲ್ಲ. ಹೇಳದೆ ಹೇಳದೆ ವಸಂತವೇ ಬಂತು.

ಕೆಲಸ ನಡೆಯುತ್ತಿದ್ದದ್ದು ಮಿಸೆಸ್ ಟಾಬರ್ ಅವರ ಊಟದ ಕೋಣೆಯಲ್ಲಿ. ನಾಲ್ಕೂ ಗೋಡೆಗೆ ಒಂದೇ ಚಿತ್ರ: ಹರಿಯುವ ನದಿ, ದಡದಲ್ಲಿ ಎಲ್ಮ್ ಮರಗಳು, ದೂರದಲ್ಲಿ ಹೊಗೆ ಬಿಡುವ ದೋಣಿ. ಚಿತ್ರ ಉದ್ದುದ್ದ ಪಟ್ಟಿಗಳಾಗಿ ಬಂದಿತ್ತು. ಒಂದು ಪಟ್ಟಿ ಕೂದಲೆಳೆಯಷ್ಟು ಜಾರಿದರೆ ನದಿ ಮುರಿದಂತೆ ಕಾಣುತ್ತಿತ್ತು.

ಆಲ್ಫೆ ಎಡಚ. ನೊರೀನ್ ಕೈ ಮಾತ್ರ ಬ್ರಷ್ಷನ್ನು ಪ್ರತಿ ಸಲವೂ ಅವನ ಬಲಕ್ಕೇ ಚಾಚುತ್ತಿತ್ತು.

"ಮತ್ತೆ ಆ ಕಡೆ ಕೊಟ್ರಿ," ಎನ್ನುತ್ತಿದ್ದ ಅವನು, ಮುಖ ಗೋಡೆಯ ಕಡೆಗೇ ಇಟ್ಟುಕೊಂಡು.

"ಕೈ ಕೈಯೇ ಅಲ್ವಾ?"

"ಅಲ್ಲ. ಬಲಗೈ ನನಗೆ ಬರೀ ಅಲಂಕಾರಕ್ಕೆ."

"ಅಂಥ ಅಲಂಕಾರವೇನೂ ಕಾಣ್ತಿಲ್ಲ."

ಅವನ ಕಿವಿಯ ತುದಿ ಕೆಂಪಾಗುತ್ತಿತ್ತು. ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಆ ಕೋಣೆಯಲ್ಲಿ ಅವನು ಕಿಟಕಿ ನೋಡಿದ, ಚಾವಣಿ ನೋಡಿದ, ಅಂಟಿನ ಬಕೆಟ್ಟನ್ನು ನೋಡಿದ. ಅವಳನ್ನು ನೋಡುವ ಪ್ರಸಂಗ ಬಂದಾಗಲೆಲ್ಲ ಅವನ ಕಣ್ಣು ಅವಳ ಭುಜದ ಮೇಲಿಂದ ಹಾದು ಬಾಗಿಲಿನ ಚಿಲಕಕ್ಕೆ ಹೋಗಿ ನಿಲ್ಲುತ್ತಿತ್ತು. ಈ ಮನುಷ್ಯನಿಗೆ ನಾಚಿಕೆ ಜಾಸ್ತಿ ಎಂದುಕೊಂಡಳು ನೊರೀನ್. ಅದಕ್ಕಿಂತ ಹೆಚ್ಚು ಯೋಚಿಸುವ ತ್ರಾಣ ಅವಳಿಗಿರಲಿಲ್ಲ.

ಕೊನೆಯ ಗೋಡೆಯ ದಿನ ಮಿಸೆಸ್ ಟಾಬರ್ ಕೋಲೂರಿಕೊಂಡು ನೋಡಲು ಬಂದರು. ಎಂಬತ್ತು ದಾಟಿದ ಹೆಂಗಸು, ಕಣ್ಣು ಚುರುಕು. ನದಿಯ ಮೇಲೆ ಬೆರಳಾಡಿಸಿ ಜೋಡಣೆ ಹುಡುಕಿದರು, ಸಿಗಲಿಲ್ಲ.

"ಪರವಾಗಿಲ್ಲಪ್ಪ ನೀನು," ಎಂದರು ಆಲ್ಫೆಗೆ. "ನಮ್ಮ ಹಜಾರದ ಹೂವಿನ ಪೇಪರು ಡರ್ಮಟ್ ಹಾಕಿದ್ದು. ಅವನ ಮಣ್ಣಿಗೆ ಹೋದಾಗ ಅಂದ್ಕೊಂಡೆ, ಇನ್ನು ಈ ಊರಲ್ಲಿ ಗೋಡೆಗಳ ಕಥೆ ಮುಗೀತು ಅಂತ. ಪಾಪ, ನೊರೀನ್, ನಿನಗೂ ಒಂದು ದಾರಿ ಆಯ್ತು ಬಿಡು."

ಕೋಲಿನ ಸದ್ದು ಹಜಾರ ದಾಟಿ ಹೋಯಿತು.

ಆಲ್ಫೆಯ ಕೈಯಲ್ಲಿ ಅಂಟು ಬಳಿದ ಪಟ್ಟಿಯಿತ್ತು. ಅಂಟು ಯಾರ ದುಃಖಕ್ಕೂ ಕಾಯುವುದಿಲ್ಲ. ಅವನು ಅದನ್ನು ಕೂರಿಸಿದ, ನೇರ ಮಾಡಿದ, ಗಾಳಿಗುಳ್ಳೆಗಳನ್ನು ಒರೆಸಿ ತೆಗೆದ. ಆಮೇಲೆ ಕೆಳಗಿಳಿದು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತ. ಆ ಕೋಣೆಗೆ ಬಂದಾಗಿನಿಂದ ಅವನು ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅವನ ಕಣ್ಣು ಬೂದು ಬಣ್ಣದ್ದೆಂದು ನೊರೀನ್‌ಗೂ ಆಗಲೇ ತಿಳಿಯಿತು.

"ಆ ಬಿಸ್ಕತ್ತು ಯಾರು ತಿಂತಿದ್ರು?"

"ನಾನೇ."

"ಒಂದು ಮಾತು ಹೇಳಬಹುದಿತ್ತು ನೀವು."

"ಹೇಳಿದ್ರೆ ಅವರು ಇನ್ನೊಂದು ಸಲ ಸಾಯ್ತಿದ್ರು."

ಅವನು ಉಗುರಿನಲ್ಲಿ ಒಣಗಿದ ಅಂಟನ್ನು ಕೆರೆದುಕೊಂಡ.

"ನಾನು ಏನು ಮಾಡಿದೆ ಗೊತ್ತಾ? ಇನ್ನೊಬ್ಬರ ಹೆಂಡತಿ ಅಂತ ಬಾಗಿಲ ಚಿಲಕ ನೋಡ್ಕೊಂಡು ಮಾತಾಡಿದೆ. ಆ ಚಿಲಕದ ಮೇಲೆ ಎಷ್ಟು ಗೀರಿವೆ ಅಂತ ಬೇಕಾದ್ರೆ ಈಗ ಹೇಳ್ತೀನಿ." ನಗಲು ನೋಡಿದ, ನಗು ಬರಲಿಲ್ಲ. "ಹ್ಯಾಲಿಫ್ಯಾಕ್ಸ್‌ನಲ್ಲಿ ಒಂದು ಹೋಟೆಲಿನ ಕೆಲಸ ಒಪ್ಕೊಂಡಿದ್ದೀನಿ. ದೊಡ್ಡ ಹಾಲ್, ಗೋಡೆ ತುಂಬ ಸಮುದ್ರದ ಚಿತ್ರ. ನಿಮ್ಮಿಂದ ದೂರ ಇರೋಣ ಅಂತಲೇ ಒಪ್ಕೊಂಡಿದ್ದು. ಈಗ ಕೇಳ್ತಿದ್ದೀನಿ, ಜೊತೆಗೆ ಬನ್ನಿ."

"ಅಂಟು ಕಲಸೋಕಾ?"

"ಅದಕ್ಕೂ."

ನೊರೀನ್ ಒಳಗೆ ಹುಡುಕಿದಳು. ಇಂಥ ಮಾತಿಗೆ ಎದೆ ಹೊಡೆದುಕೊಳ್ಳಬೇಕು, ಇಲ್ಲವೇ ಸಿಟ್ಟಾದರೂ ಬರಬೇಕು. ಎರಡೂ ಇರಲಿಲ್ಲ. ಈ ಒಳ್ಳೆಯ ಮನುಷ್ಯನಿಗೆ ಇನ್ನೊಂದು ಸುಳ್ಳು ಕೊಡಬಾರದು ಎಂಬುದಷ್ಟೇ ಇತ್ತು.

"ಆಲ್ಫೆ, ಕೈ ಬೇಕಾದ್ರೆ ಬರ್ತವೆ. ಉಳಿದದ್ದು ಬರಲ್ಲ. ಇದ್ರೆ ತಾನೇ ಬರೋಕೆ?"

"ಬರೀ ಕೈ ಬೇಕಿದ್ರೆ ಹ್ಯಾಲಿಫ್ಯಾಕ್ಸ್‌ನಲ್ಲೂ ಸಿಗ್ತವೆ," ಎಂದ ಮೆತ್ತಗೆ. ಬಕೆಟ್ಟು ತೊಳೆದು ಬೋರಲು ಹಾಕಿದ. ಆ ವಾರವೇ ಹೊರಟುಹೋದ.

ಅವಳು ಬಣ್ಣದಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಗಿರಾಕಿಗಳಿಗೆ ವಾಲ್‌ಪೇಪರ್ ಸುರುಳಿ ಬಿಚ್ಚಿ ತೋರಿಸುವುದು, ಮತ್ತೆ ಸುತ್ತಿಡುವುದು. ಬೇಸಿಗೆ ಬಂದದ್ದು ಅವಳಿಗೆ ತಿಳಿದದ್ದು ಜನ ಕೋಟು ಬಿಟ್ಟಾಗ.

ಒಂದು ಶನಿವಾರ ಮಾರ್ಕೆಟ್ಟಿಗೆ ಹೋಗಿದ್ದಳು. ಮೀನಿನಂಗಡಿಯ ಬಾಗಿಲಲ್ಲಿ ಒಂದು ಕಡಲಹಕ್ಕಿ ಗಿರಾಕಿಯ ಹಾಗೆ ಸಾಲಿನಲ್ಲಿ ನಿಂತಿತ್ತು. ಮುಂದಿನವರು ಒಂದು ಹೆಜ್ಜೆ ಸರಿದರೆ ಅದೂ ಒಂದು ಹೆಜ್ಜೆ ಸರಿಯುತ್ತಿತ್ತು. ಅದರ ಸರದಿ ಬಂದಾಗ ಅಂಗಡಿಯ ಮುದುಕ ತಲೆಯೆತ್ತದೆ, "ಹೂಂ, ನಿಮಗೇನು ಕೊಡ್ಲಿ?" ಎಂದುಬಿಟ್ಟ.

ನೊರೀನ್ ನಕ್ಕಳು. ಜೋರಾಗಿಯೇ ನಕ್ಕು, ಹೇಳಲೆಂದು ಎಡಕ್ಕೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಾಗೆ ತಿರುಗಿ ಬರಿಗಾಳಿ ಕಂಡದ್ದು ಅವಳಿಗೆ ಹೊಸದಲ್ಲ. ಆದರೆ ಇಷ್ಟು ದಿನ ಅಲ್ಲಿ ಇಲ್ಲದವನು ಡರ್ಮಟ್. ಇವತ್ತು ಅಲ್ಲಿ ಇಲ್ಲದವನು ಆಲ್ಫೆ. ಅದು ತಿಳಿದ ಗಳಿಗೆ ಜೋಮು ಹಿಡಿದ ಕಾಲಿಗೆ ರಕ್ತ ಹರಿದಂತೆ ಎದೆಯೊಳಗೆ ಸಾವಿರ ಸೂಜಿ ಚುಚ್ಚಿದವು. ನೋವು ತಾಳಲಾರದೆ ಕಂಬ ಹಿಡಿದು ನಿಂತಳು. ಯಾರೋ ನೀರು ಬೇಕಾ ಎಂದು ಕೇಳಿದರು. ಬೇಡ, ಹ್ಯಾಲಿಫ್ಯಾಕ್ಸ್ ಬಸ್ಸು ಎಷ್ಟು ಹೊತ್ತಿಗೆ ಎಂದಳು.

ಹ್ಯಾಲಿಫ್ಯಾಕ್ಸ್ ತಲುಪುವ ಹೊತ್ತಿಗೆ ಧೈರ್ಯವೆಲ್ಲ ಇಳಿದಿತ್ತು. ಆದರೂ ಹೋಟೆಲು ಹುಡುಕಿದಳು. ಹಾಲ್‌ನ ಮೂರು ಗೋಡೆಗಳಲ್ಲಿ ಸಮುದ್ರವಿತ್ತು, ನಾಲ್ಕನೆಯದು ಬೋಳು. ಆಲ್ಫೆ ಹಲಗೆಯ ಮೇಲೆ ನಿಂತು ಒಬ್ಬನೇ ಒಂದು ಪಟ್ಟಿಯೊಡನೆ ಹೆಣಗುತ್ತ ತನ್ನ ಮನೆಮಾತು ಫ್ರೆಂಚಿನಲ್ಲಿ ಬೈದುಕೊಳ್ಳುತ್ತಿದ್ದ. ಅವಳನ್ನು ಕಂಡು ಬೈಗುಳ ಅರ್ಧಕ್ಕೇ ನಿಂತಿತು.

"ನೊರೀನ್?"

"ಮೀನಿನಂಗಡಿ ಮುಂದೆ ಒಂದು ಹಕ್ಕಿ ಸಾಲಲ್ಲಿ ನಿಂತಿತ್ತು," ಎಂದಳು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಬೇರೆ ಮಾತುಗಳೆಲ್ಲ ಮರೆತುಹೋಗಿದ್ದವು. "ಅದರ ಸರದಿ ಬಂದಾಗ ಆ ಮುದುಕ ನಿಮಗೇನು ಕೊಡ್ಲಿ ಅಂದ."

ಆಲ್ಫೆ ಕಾದ. "ಆಮೇಲೆ?"

"ಅಷ್ಟೇ."

"ಇದನ್ನ ಹೇಳೋಕೆ ಅಷ್ಟು ದೂರದಿಂದ ಬಂದ್ರಾ?"

"ಹೇಳೋಣ ಅಂತ ತಿರುಗಿದೆ. ನೀನು ಇರಲಿಲ್ಲ."

'ನೀನು' ಎಂದದ್ದು ಅವಳ ಗಮನಕ್ಕೆ ಬರಲಿಲ್ಲ. ಅವನಿಗೆ ಬಂತು. ಹಿಡಿದಿದ್ದ ಪಟ್ಟಿ ಕೈಜಾರಿ, ಸಮುದ್ರ ಮಡಿಕೆ ಮಡಿಕೆಯಾಗಿ ನೆಲಕ್ಕೆ ಬಿತ್ತು. ಅದು ಹಾಳಾಯಿತೆಂದು ಇಬ್ಬರಿಗೂ ಗೊತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಎರಡು ವರ್ಷದಿಂದ ಬಾರದಿದ್ದ ಅಳು ಆಗ ಬಂತು, ಚಂದವಾಗಿಯಲ್ಲ, ಮೂಗು ಸೋರಿಸಿಕೊಂಡು. ಅವನು ಇಳಿದು ಬಂದು, ಅಂಟು ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದುರು ನಿಂತ.

"ನಾನಿನ್ನೂ ಪೂರ್ತಿ ಸರಿ ಹೋಗಿಲ್ಲ, ಆಲ್ಫೆ. ಅರ್ಧ ಜೋಮು ಹಾಗೇ ಇದೆ."

"ಇರ್ಲಿ. ನಿಲ್ಲೋಕಾಗುತ್ತಾ?"

"ಹಿಡ್ಕೊಂಡ್ರೆ ಆಗುತ್ತೆ."

ಅವನು ಹಿಡಿದುಕೊಂಡ.